ನಡುಭಾಗಕ್ಕೆ ಒಂದೇ ಏಟು

“ಅಯ್ಯನವರೇ, ದೇವಾಲಯದಲ್ಲಿ ಮೊಣಕಾಲೂರಿದಾಗ ದೇವರು ಎದುರಿಗೇ ಇದ್ದಾನೆಂದು ಮೈ ನಡುಗುತ್ತದೆ. ಹೊರಗೆ ಕೆಲಸಕ್ಕೆ ಬಿದ್ದರೆ ಆ ನೆನಪು ಉಳಿಯುವುದಿಲ್ಲ. ಒಳಗಾದರೂ ಅಷ್ಟು ಭಯಭಕ್ತಿ ಇದೆಯಲ್ಲ, ಸಾಲದೇ?” ಎಂದು ಶಿಷ್ಯನಾದ ಯೋನಾ ಕೇಳಿದನು.

ಸತ್ಯಮಿತ್ರ ಅಯ್ಯನವರು ಸಾಕೆಂದೂ ಹೇಳಲಿಲ್ಲ, ಸಾಲದೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದನು. ದೇವಾಲಯದಲ್ಲಿ ಪ್ರಭುಭೋಜನ ಬಡಿಸುವ ಕರ್ತನ ಮೇಜಿಗೆ ಹಾಸುವ ಬಟ್ಟೆಯನ್ನು ಸಭೆಯವರು ಪ್ರತಿವರ್ಷ ಅವನಿಂದಲೇ ನೇಯಿಸುತ್ತಿದ್ದರು. ಆ ಬಟ್ಟೆಗೆ ಕೂರುವ ದಿನ ಅವನು ಉಪವಾಸವಿದ್ದು, ಪ್ರಾರ್ಥಿಸಿ ಮಗ್ಗಕ್ಕೆ ಇಳಿಯುತ್ತಿದ್ದನು. ದೇವರು ಪಕ್ಕದಲ್ಲೇ ನಿಂತು ತನ್ನ ಕೈ ನೋಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದನು. ಲಾಳಿ ಒಮ್ಮೆ ಹಾದರೆ ಹಣಿಗೆಯಿಂದ ಎರಡು ಏಟು ಬಡಿದು ಎಳೆಯನ್ನು ಒತ್ತಾಗಿ ಕೂರಿಸುವನು. ಸಂತೆಗೆ ಹೋಗುವ ಬಟ್ಟೆಯ ರೀತಿಯೇ ಬೇರೆ. ಕೊಳ್ಳುವವರು ಎಳೆದು ನೋಡುವ ತುದಿಗಳಿಗೆ ಎರಡೇಟು. ಮಡಿಕೆಯೊಳಗೆ ಅಡಗುವ ನಡುಭಾಗಕ್ಕೆ ಒಂದೇ. ಅಲ್ಲಿ ನೇಯ್ಗೆ ಸಡಿಲವಾಗುತ್ತಿತ್ತು, ಆದರೆ ಕೆಲಸ ಬೇಗ ಮುಗಿಯುತ್ತಿತ್ತು.

ಹೆಂಡತಿ ಮಗ್ಗದ ಸದ್ದಿನಲ್ಲೇ ಹಿಡಿದುಬಿಟ್ಟಳು. “ದೇವರೇನು ವರ್ಷಕ್ಕೊಮ್ಮೆ ಬಂದುಹೋಗುವ ಬೀಗರೇನ್ರೀ ನಿಮಗೆ?”

“ಸುಮ್ಮನಿರೇ. ಅದು ಆರಾಧನೆ, ಇದು ಕಸುಬು. ಎರಡನ್ನೂ ಕಲಸಬೇಡ.”

ದೇವರು ಎಲ್ಲೆಲ್ಲೂ ಇದ್ದಾನೆಯೇ ಎಂದು ಯಾರಾದರೂ ಕೇಳಿದ್ದರೆ ಅವನು ತಡವರಿಸದೆ ಹೌದೆನ್ನುತ್ತಿದ್ದನು. ಬದುಕುತ್ತಿದ್ದುದು ಮಾತ್ರ, ತಾನು ಕರೆದಾಗಲೇ ದೇವರು ಕಣ್ಣು ತೆರೆಯುತ್ತಾನೆ ಎಂಬಂತೆ.

ಒಂದು ದಿನ ಹಿಂದಿನ ಬೀದಿಯ ಹೆಂಗಸೊಬ್ಬಳು ಬಟ್ಟೆಗೆ ಬಂದಳು. ತುದಿ ಹಿಡಿದು ಎಳೆದು ನೋಡಿದಳು. “ಗಟ್ಟಿ ಇದೆಯೇನಣ್ಣಾ? ಕೂಸಿಗೆ ಜೋಲಿ ಕಟ್ಟಬೇಕು.”

ಅವನಿಗೆ ನಡುಭಾಗ ನೆನಪಾಯಿತು. ನಾಲ್ಕು ದಿನ ತಾಳು, ಬೇರೆ ನೇಯ್ದು ಕೊಡುತ್ತೇನೆ ಎನ್ನಬಹುದಿತ್ತು. ಕೂಸಿನ ಭಾರ ಎಷ್ಟಿದ್ದೀತು ಎಂದುಕೊಂಡನು. “ಕಣ್ಣು ಮುಚ್ಚಿ ತಗೊಂಡು ಹೋಗು ತಂಗಿ” ಎಂದನು.

ಮೂರು ತಿಂಗಳಿಗೆ ಜೋಲಿ ನಡುವೆ ಸೀಳಿತು. ಕೂಸು ಕಲ್ಲುಹಾಸಿನ ಮೇಲೆ ಬಿತ್ತು. ಬದುಕಲಿಲ್ಲ.

ಮಣ್ಣು ಮಾಡಿದ ಮೇಲೆ ಎಲ್ಲರೊಡನೆ ನೇಕಾರನೂ ಆ ಮನೆಗೆ ಹೋದನು. ಅವನನ್ನು ಕಂಡು ತಾಯಿ, “ಒಗೆಯುವಾಗ ನಾನೇ ಕಲ್ಲಿಗೆ ಹೆಚ್ಚು ಬಡಿದೆನೇನೋ ಅಣ್ಣಾ. ನಮ್ಮತ್ತೆಯೂ ಹಾಗೇ ಅನ್ನುತ್ತಾರೆ. ನನ್ನ ಕೈಯೇ ನನ್ನ ಕೂಸನ್ನು ತಿಂದಿತು” ಎಂದಳು.

ತಪ್ಪು ನನ್ನದು ಎಂಬ ಮಾತು ನೇಕಾರನ ಬಾಯಿಗೆ ಬಂತು. ನುಂಗಿಕೊಂಡನು. ಅಲ್ಲಿಂದ ನೇರವಾಗಿ ದೇವಾಲಯಕ್ಕೆ ಹೋಗಿ, ಕರ್ತನ ಮೇಜಿನ ಮುಂದೆ ಬೋರಲು ಬಿದ್ದು, ಎಲ್ಲವನ್ನೂ ಹೇಳಿಕೊಂಡು ಅತ್ತನು. ಅಂದಿನಿಂದ ಯಾವ ಬಟ್ಟೆಯ ನಡುಭಾಗಕ್ಕೂ ಎರಡೇಟಿಗೆ ಕಡಿಮೆ ಹಾಕಲಿಲ್ಲ. ದಿನವೂ ದೇವಾಲಯಕ್ಕೆ ಹೋಗಿ ಅಳುವುದನ್ನೂ ಬಿಡಲಿಲ್ಲ. ಹಿಂದಿನ ಬೀದಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಆ ತಾಯಿ ತನ್ನ ಕೈಗೆ ಹೆದರಿ ಊರಲ್ಲಿ ಯಾರ ಕೂಸನ್ನೂ ಎತ್ತಿಕೊಳ್ಳುತ್ತಿಲ್ಲ ಎಂಬ ಸುದ್ದಿ ಅವನ ಕಿವಿಗೆ ಬಿತ್ತು. ಅಂದೂ ಅವನು ಹೋದದ್ದು ದೇವಾಲಯಕ್ಕೇ.

ಅಯ್ಯನವರು ಕತೆ ನಿಲ್ಲಿಸಿದರು. ಯೋನಾನ ಕಣ್ಣು ತುಂಬಿತ್ತು.

“ಅಷ್ಟು ಅತ್ತವನ ಮೊರೆಯನ್ನು ದೇವರು ಕೇಳಿರಲೇಬೇಕಲ್ಲ, ಅಯ್ಯನವರೇ?”

“ಕೇಳಿದನು, ಆ ತಾಯಿಯ ಪಕ್ಕದಲ್ಲಿ ಕುಳಿತು, ನೇಕಾರನು ಇಂದಾದರೂ ಬಂದಾನೇ ಎಂದು ಬಾಗಿಲು ನೋಡುತ್ತಾ ಕೇಳಿದನು.”