ಬಾಮೈದನ ತೂಬು

ಮುತ್ತುಗದಪುರದ ಕೆರೆ ಏರಿಯ ಮೇಲೆ ನಿಂತರೆ, ಹತ್ತಿರದಲ್ಲೇ ನೀರಿನಿಂದ ಎದ್ದ ಎರಡು ಕಲ್ಲುಕಂಬಗಳು ಕಾಣುತ್ತವೆ. ಒಂದರ ನೆತ್ತಿಯಲ್ಲಿ ಚಿಕ್ಕ ಶಿಲುಬೆ, ಇನ್ನೊಂದರ ಮೇಲೆ ಗಂಗಮ್ಮನ ಕುಂಕುಮ. ಇದೇ ಬಾಮೈದನ ತೂಬು. ಕೆರೆ ಕಟ್ಟಿಸಿದ ಪಾಳೆಯಗಾರನ ಹೆಸರು ಊರಿಗೆ ಮರೆತುಹೋಗಿದೆ. ಬಾಮೈದನನ್ನು ಯಾರೂ ಮರೆತಿಲ್ಲ.

ಹಿಂದೆ ಒಮ್ಮೆ ಈ ಕೆರೆಗೆ ಕೆಂಪನಂಜ ಎಂಬ ನೀರುಗಂಟಿಯಿದ್ದ. ಗದ್ದೆಗಳಿಗೆ ನೀರು ಹಂಚುವುದು, ಬೇಕಾದಾಗ ಮುಳುಗಿ ತೂಬಿನ ಕಂಡಿ ಮುಚ್ಚಿದ ಗೂಟ ಕೀಳುವುದು ಅವನ ಕೆಲಸ. ಗೂಟ ಕಿತ್ತ ಕ್ಷಣ ನೀರು ಮನುಷ್ಯನನ್ನೂ ಒಳಗೆಳೆಯುತ್ತದೆ. ಅದಕ್ಕೇ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಹೆಂಡತಿಯ ಒಡಹುಟ್ಟಿದವನ ಕೈಗೆ ಕೊಡುವುದು ಆ ವಂಶದ ಪದ್ಧತಿ. ಬಿಟ್ಟರೆ ಅಕ್ಕನ ತಾಳಿ ಹೋಗುತ್ತದೆಂಬ ಭಯವಿದ್ದವನೇ ಬಿಗಿಯಾಗಿ ಹಿಡಿಯುತ್ತಾನೆ ಎಂಬುದು ಹಿರಿಯರ ಲೆಕ್ಕ. ಆದರೆ ಕೆಂಪನಂಜನ ಬಾಮೈದ ಪಾದ್ರಿಗಳ ಮಾತಿಗೆ ಒಲಿದು, ಜ್ಞಾನಸ್ನಾನ ಪಡೆದು ಕ್ರೈಸ್ತನಾಗಿ, ಇನ್ನಾಸಪ್ಪ ಎಂದು ಹೆಸರಿಟ್ಟುಕೊಂಡ. ಕೆಂಪನಂಜನಿಗೆ ಮುಖಕ್ಕೆ ಉಗುಳಿದಂತಾಯಿತು. ಪಂಚಾಯಿತಿ ಸೇರಿಸಿ ಬಹಿಷ್ಕಾರ ಹಾಕಿಸಿದ, ಶಿಲುಬೆಯವರ ಗದ್ದೆಗೆ ನೀರಿನ ಸರದಿ ತಪ್ಪಿಸಿದ, ಪ್ರಾರ್ಥನೆಯ ಚಪ್ಪರವನ್ನು ತಾನೇ ಕೈಹಾಕಿ ಕೆಡವಿದ. ಹೆಂಡತಿ ತಾಯಮ್ಮ ಜ್ವರದಲ್ಲಿ ತೀರಿಕೊಂಡಾಗ ಅವಳ ತಮ್ಮನಿಗೆ ಒಂದು ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ. ಇನ್ನಾಸಪ್ಪ ಕೆರೆಯಾಚೆಯ ದಿಬ್ಬದಲ್ಲಿ ಗುಡಿಸಲು ಹಾಕಿಕೊಂಡ.

ಮುಂದಿನ ಮಳೆಗಾಲ ನೀರು ಏರಿಯ ಮಟ್ಟಕ್ಕೆ ಬಂತು. ತೂಬು ತೆರೆಯದಿದ್ದರೆ ಏರಿ ಒಡೆದು ಕೆಳಗಿನ ಕೇರಿ ಕೊಚ್ಚಿಹೋಗುತ್ತಿತ್ತು. ಹಗ್ಗ ಹಿಡಿಯಿರಿ ಎಂದರೆ ಊರ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈತಪ್ಪಿದರೆ ಆ ಪಾಪ ಯಾರಿಗೆ ಬೇಕು? ಆಗ ಇನ್ನಾಸಪ್ಪ ದಿಬ್ಬ ಇಳಿದು ಬಂದು ಹಗ್ಗವನ್ನು ಕೈಗೆ ಸುತ್ತಿಕೊಂಡ. ಗೌಡರು ಕೆಂಪನಂಜನನ್ನು ಪಕ್ಕಕ್ಕೆ ಕರೆದು, ಅಕ್ಕನೇ ಇಲ್ಲದ ಮೇಲೆ ಇವನಿಗೆ ನೀನು ಏನಾಗಬೇಕು, ಹಗೆ ತೀರಿಸಿಕೊಂಡಾನು ಎಂದರು. ಅವನಿಗೂ ಅದು ಹೊಳೆದಿತ್ತು. ಆದರೂ ಹಿಂಜರಿಯುವ ಜೀವವಲ್ಲ, ಮುಳುಗಿದ. ಗೂಟ ಕಿತ್ತೊಡನೆ ನೀರು ಅವನ ಕಾಲನ್ನು ತೂಬಿಗೆ ಸೆಳೆಯಿತು. ಬಿಟ್ಟೇಬಿಟ್ಟ ಎಂದುಕೊಂಡ. ಅಷ್ಟರಲ್ಲಿ ಸೊಂಟದ ಹಗ್ಗ ಬಿಗಿಯಿತು, ಬಿಗಿದದ್ದು ಸಡಿಲಲಿಲ್ಲ. ಮೇಲೆ ಬಂದು ನೋಡಿದರೆ ಇನ್ನಾಸಪ್ಪನ ಅಂಗೈ ಚರ್ಮ ಸುಲಿದುಹೋಗಿತ್ತು.

“ನಿನ್ನಕ್ಕ ಇಲ್ಲವಲ್ಲೋ. ಯಾರಿಗೋಸ್ಕರ ಹಿಡಿದೆ?” ಎಂದ ಕೆಂಪನಂಜ.

“ನಿಮಗೋಸ್ಕರ ಭಾವ. ಇನ್ಯಾರಿದ್ರು ಆ ತುದೀಲಿ? ಚಪ್ಪರ ಮತ್ತೆ ಕಟ್ಟೋಕೂ ಒಂದಾಳು ಬೇಕಿತ್ತು.”

ಕೆಂಪನಂಜ ಚಪ್ಪರವನ್ನೇನೋ ಕಟ್ಟಿಕೊಟ್ಟ, ಒಳಗೆ ಕಾಲಿಡಲಿಲ್ಲ. ಬಹಳ ಕಾಲ ಹೊರಗೇ ಕೂತು ಪಾದ್ರಿಗಳೊಡನೆ ವಾದಿಸಿದ ಎನ್ನುತ್ತಾರೆ. ಹಗೆಯವನನ್ನೂ ಕೈಬಿಡಬೇಡ ಎನ್ನುವ ದೇವರು ಯಾರು ಎಂದು ಕೇಳಿ ಕೇಳಿ, ಕೊನೆಗೆ ತಾನಾಗಿ ತಲೆಬಾಗಿಸಿ ಜ್ಞಾನಸ್ನಾನ ಪಡೆದ. ನೀರುಗಂಟಿತನ ಕಿತ್ತುಕೊಳ್ಳುತ್ತೇವೆ ಎಂದು ಗೌಡರು ಹೆದರಿಸಿದರು. ಮುಳುಗಲು ಬೇರೆ ಗಂಡಸು ಸಿಗದೆ ಸುಮ್ಮನಾದರು.

ಈಗಲೂ ಕೆರೆ ತುಂಬಿದ ವರ್ಷ ನೀರುಗಂಟಿ ಮುಳುಗುವುದನ್ನು ನೋಡಲು ಜನ ಬರುತ್ತಾರೆ. ಹಗ್ಗದ ತುದಿಯನ್ನು ಏರಿಯ ಮೇಲೆ ಹತ್ತಿರ ನಿಂತವರ ಕೈಗೆ ಕೊಡುತ್ತಾರೆ, ಬೇರೆ ಊರಿನವರಾದರೂ ಸರಿ. ಯಾರ ಪೈಕಿ ಎಂದು ಕೇಳುವುದಿಲ್ಲ. ಬಿಗಿಯಾಗಿ ಹಿಡೀರಿ ಎಂದಷ್ಟೇ ಹೇಳುತ್ತಾರೆ.