ತೂಬೆತ್ತುವ ತೋಳು

“ಕೇಳ್ರಪ್ಪೋ ಕೇಳಿ! ರಾಣಿ ಚೆಂದಲದೇವಿಯವರ ಮೂರು ಒಗಟು ಬಿಡಿಸಿದವರು ಕೇಳಿದ್ದು ಸಿಗುತ್ತೆ. ತಪ್ಪು ಹೇಳಿದವರ ತಲೆ ಹೋಗುತ್ತೆ. ತಲೆಯ ಮೇಲೆ ಆಸೆಯಿದ್ದವರು ಮನೇಲೇ ಇರಿ!”

ಹೀಗೆ ಡಂಗುರ ಸಾರಿದ್ದು, ಮೋಡಗಳು ಕೆಳಗಿಳಿದು ಮಾಳಿಗೆಗಳ ಮೇಲೆ ಮಲಗಿ ಹೋಗುತ್ತಿದ್ದ ಒಂದು ಊರಿನಲ್ಲಿ. ಅಲ್ಲಿನ ಕೆರೆ ತುಂಬಿದಾಗ ಗದ್ದೆಗಳಿಗೆ ನೀರು ಬಿಡಲು ರಾಣಿಯೇ ಬಲಗೈಯಿಂದ ತೂಬೆತ್ತಬೇಕು. ಬೇರೆ ಯಾರು ಎತ್ತಿದರೂ ನೀರು ನಿದ್ದೆ ಹೋದಂತೆ ಬಿದ್ದುಕೊಂಡಿರುತ್ತಿತ್ತು.

ಆ ವರ್ಷ ರಾಣಿಯ ಬಲ ಎದೆಯಲ್ಲಿ ಕೆಟ್ಟ ಗಡ್ಡೆಯಾಗಿ, ಕೇಡು ಕಂಕುಳಿನಲ್ಲಿ ಎಲ್ಲರಿಗೂ ಇರುವ ಪುಟ್ಟ ಗಂಟುಗಳಿಗೂ ಹಬ್ಬಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯೆ ಅಚ್ಚಮ್ಮ ತಿಂಗಳುಗಟ್ಟಲೆ ಕಹಿ ಕಷಾಯ ಕುಡಿಸಿದಳು. ರಾಣಿಯ ಕೂದಲು ಉದುರಿತು, ನಾಲಿಗೆಯ ರುಚಿ ಕೆಟ್ಟಿತು, ಗಡ್ಡೆಯೂ ಕರಗಿತು. ಈಗ ಕಂಕುಳು ಮುಟ್ಟಿದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಗಂಟುಗಳನ್ನೆಲ್ಲ ತೆಗೆದರೆ ತೋಳು ಊದಿಕೊಂಡು ಮೇಲೇಳದೆ ಹೋಗಬಹುದು. ಕೇಡು ಉಳಿದಿದ್ದು ತೆಗೆಯದೆ ಬಿಟ್ಟರೆ ಜೀವವೇ ಹೋಗಬಹುದು.

ಅಚ್ಚಮ್ಮ ಏನೋ ಹೇಳಹೊರಟಾಗ ರಾಣಿ ತಡೆದಳು. “ನೀನು ನನ್ನನ್ನ ಎತ್ತಿ ಆಡಿಸಿದವಳು. ನಿನ್ನ ಮಾತಲ್ಲಿ ಪ್ರೀತಿ ಕಲೆತಿರುತ್ತೆ. ಪ್ರೀತಿ ಇಲ್ಲದವರು ಹೇಳಲಿ. ನನ್ನ ಜೀವ ಪಣಕ್ಕಿದೆ, ಅವರದೂ ಇರಲಿ.” ಭಯ ಅವಳನ್ನು ಅಷ್ಟು ಹಠಮಾರಿಯಾಗಿಸಿತ್ತು. ಹಾಗೆ ಹುಟ್ಟಿದ್ದು ಆ ಒಗಟಿನ ಡಂಗುರ.

ನೀರುಗಂಟಿ ಲಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ. ಕೆರೆಯ ನೀರು ನೋಡಿಕೊಂಡು, ಗದ್ದೆಗದ್ದೆಗೂ ಹಂಚುವುದು ಅವನ ಕೆಲಸ. ಕೆರೆ ತುಂಬಿತ್ತು, ರಾಣಿಯನ್ನು ಕರೆಯಲು ಬಂದಿದ್ದ, ಅಷ್ಟೆ. ಹಾಗೆ ಕರೆಯಲು ಬರುವವನು ಹಣೆಗೆ ಕೆರೆಯ ಮಣ್ಣು ಹಚ್ಚಿಕೊಂಡು, ರಾಣಿ ಮಾತಾಡಿಸುವ ತನಕ ಬಾಯಿ ಬಿಡಬಾರದು. ಬಾಗಿಲಲ್ಲಿ ಹೊಸ ಕಾವಲುಗಾರ “ಒಗಟಿಗೆ ಬಂದೆಯೇನಯ್ಯ?” ಎಂದ. ಲಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಕಾವಲುಗಾರ ಅವನನ್ನು ಒಗಟಿಗೆ ಬಂದವರ ಸಾಲಿಗೆ ತಳ್ಳಿದ.

ಒಳಗೆ ಒದ್ದೆ ಲಾವಂಚದ ತೆರೆ, ನೀರೊಳಗಿನ ಬೆಳಕಿನಂಥ ಬೆಳಕು. ಬೋಳುತಲೆಯ ರಾಣಿ ಮೆಲ್ಲಗೆ ಕೇಳಿದಳು. “ಒಂದು ಬೀದಿಯ ಮನೆಗಳಲ್ಲಿ ಕಳ್ಳರು ಸೇರಿದ್ದರು. ಹೊಗೆ ಹಾಕಿಸಿದೆ. ಈಗ ಸದ್ದಿಲ್ಲ. ಸತ್ತರೋ, ಉಸಿರು ಬಿಗಿಹಿಡಿದು ಕೂತಿದ್ದಾರೋ?”

ಸಾಲಿನ ಮೊದಲಲ್ಲಿದ್ದ, ಸೊಂಟದಲ್ಲಿ ಬಂಗಾರದ ಹಿಡಿಯ ಚೂರಿಯಿದ್ದ ಪಂಡಿತ ನಕ್ಕ. “ಸದ್ದಿಲ್ಲ ಅಂದಮೇಲೆ ಯಾರೂ ಇಲ್ಲ, ಮಹಾರಾಣಿ.” ಅವನನ್ನು ಎಳೆದೊಯ್ದರು. ಅವನ ಹಿಂದಿದ್ದವನು ಗಾಬರಿಯಲ್ಲಿ, “ಇದ್ದರೂ ಇರಬಹುದು! ಇಡೀ ಬೀದಿಗೇ ಬೆಂಕಿ ಇಡಿ!” ಎಂದ. ಅವನನ್ನೂ ಎಳೆದೊಯ್ದರು.

“ನೀನು ಹೇಳು,” ಎಂದಳು ರಾಣಿ.

ಈಗ ಮಾತಾಡಬಹುದಿತ್ತು. ಕೆರೆಯ ಸುದ್ದಿ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ರಾಣಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿರುವುದನ್ನು ಕಂಡ. ವರ್ಷವರ್ಷವೂ ತೂಬೆತ್ತುವ ಕೈ ಅದು. ಅವಳನ್ನು ಹಾಗೆ ಬಿಟ್ಟು ಹೋಗಲು ಅವನಿಗೆ ಮನಸ್ಸಾಗಲಿಲ್ಲ.

“ಹೊರಗೆ ನಿಂತು ಹೇಳಕ್ಕಾಗಲ್ಲ ತಾಯಿ. ಬಾಗಿಲು ತೆಗೆದು ನೋಡಬೇಕು.”

“ಬಾಗಿಲನ್ನೆಲ್ಲ ಒಡೆದರೆ ಬೀದಿ ಹಾಳಾಗುತ್ತೆ. ಎಲ್ಲ ಮನೆಯೂ ಒಂದೇ ಥರ ಇವೆ. ಯಾವ ಬಾಗಿಲು ತೆಗೆಯೋದು? ಇದು ಎರಡನೆಯದು.”

ಲಕ್ಕ ತಲೆ ಕೆರೆದುಕೊಂಡ. “ಹೊಗೆ ಹಾಕೋಕೆ ಮುಂಚೆ ಕಳ್ಳ ಕಂಡಿದ್ದ ಮನೆಗೆ ಗುರುತು ಮಾಡಿರಬೇಕು. ಅದನ್ನ ತೆಗೀಬೇಕು. ಜೊತೆಗೆ ಕಳ್ಳರು ಬಂದ ದಾರೀಲಿ ಮೊದಲು ಸಿಗೋ ಮನೆಗಳನ್ನೂ. ಮೇಲಿನ ಹೂಳು ಗದ್ದೆಯ ಯಾವ ಮಡಿಗೆ ಮೊದಲು ಬೀಳುತ್ತೆ ಅಂತ ತಿಳೀಬೇಕಾದ್ರೆ ನಾವು ಕಾಲುವೆ ತಲೇಲಿ ನೀಲಿ ಕದಡಿ ಬಿಡ್ತೀವಿ ತಾಯಿ. ನೀಲಿ ಹೋಗಿ ನಿಂತ ಮಡೀನ ಅಗೆದು ನೋಡ್ತೀವಿ. ಆದ್ರೆ ಮೊದಲೇ ಗುರುತು ಮಾಡದೆ ಇದ್ರೆ...”

“ಮಾಡಿದೀನಿ,” ಎಂದಳು ರಾಣಿಯ ಪಕ್ಕದಲ್ಲಿದ್ದ ಅಚ್ಚಮ್ಮ. “ಕಷಾಯ ಶುರುಮಾಡೋ ಮುಂಚೆ ಸೂಜಿ ಚುಚ್ಚಿದ್ದೆನಲ್ಲವ್ವ, ಆಗಲೇ ಕೆಟ್ಟ ಗಂಟಿನೊಳಗೆ ಚಿನ್ನದ ಕಣ ಇಟ್ಟಿದ್ದೆ. ಎದೆಯಲ್ಲಿ ನೀಲಿ ಬಿಟ್ಟು ಅದು ಮೊದಲು ಸೇರೋ ಗಂಟುಗಳನ್ನ ಹುಡುಕೋದೂ ನಂಗೊತ್ತು, ಎಲ್ಲ ತೆಗೆದು ನಿನ್ನ ಕೈ ಕಳೀಬೇಕಿಲ್ಲ. ಹೇಳೋಕೆ ನೀನು ಬಿಟ್ಟರೆ ತಾನೆ!”

ಬೀದಿಯೆಂದರೆ ರಾಣಿಯ ಕಂಕುಳೆಂದು ಲಕ್ಕನಿಗೆ ಆಗ ಹೊಳೆಯಿತು. ರಾಣಿ ಮುಂದಕ್ಕೆ ಬಾಗಿ ಅವನಿಗಷ್ಟೇ ಕೇಳುವಂತೆ ಅಂದಳು, “ಮೂರನೆಯದು. ತೆಗೆದ ಮನೆಗಳೆಲ್ಲ ಖಾಲಿ ಇದ್ದವು ಅಂತಿಟ್ಟುಕೋ. ತೆಗೆಯದ ಮನೆಗಳಲ್ಲಿ ಕಳ್ಳ ಇಲ್ಲ ಅಂತ ಆಣೆ ಮಾಡ್ತೀಯಾ?”

ಆಣೆ ಮಾಡಿದರೆ ಅವಳಿಗೆ ಸಮಾಧಾನ. ಮಾಡದಿದ್ದರೆ ತನ್ನ ತಲೆ. ಲಕ್ಕನಿಗೆ ಅಳು ಬಂತು.

“ಮಾಡಲ್ಲ ತಾಯಿ. ನಂಗೆ ಗೊತ್ತಿಲ್ಲ. ತೆಗೆದ ಮನೇಲಿ ಒಬ್ಬ ಸಿಕ್ಕಿದ್ರೂ ಆಗ ಬೀದಿ ಪೂರಾ ತೆಗೀಬೇಕಾಗಬಹುದು, ಕೈಗಿಂತ ಜೀವ ದೊಡ್ಡದು. ಯಾರೂ ಸಿಗದಿದ್ರೆ ಉಳಿದದ್ದನ್ನ ಬಿಟ್ಟು ಕಾಯ್ತಾ ಇರಬೇಕು. ಭದ್ರವಾಗಿರೋ ಕೆರೆ ಏರಿ ಮೇಲೂ ನಾನು ದಿನಾ ನಡೀತೀನಲ್ಲ, ಹಂಗೆ.”

ರಾಣಿ ಅಳುತ್ತಿದ್ದಳು. “ಸುಳ್ಳು ಧೈರ್ಯ ಹೇಳುವವನ ಕೈಗೆ ಸಿಗಬಾರದು ಅಂತಲೇ ಈ ಒಗಟನ್ನು ಕೊನೆಗೆ ಉಳಿಸಿಕೊಂಡಿದ್ದೆ. ನೀನು ಗೆದ್ದೆ. ಏನು ಬೇಕು ಕೇಳು.”

“ಆ ಇಬ್ಬರ ತಲೆ ವಾಪಸ್ ಕೊಡಿ ತಾಯಿ. ಇನ್ನೂ ಕಡಿದಿಲ್ಲ ತಾನೆ?”

ಕಡಿದಿರಲಿಲ್ಲ. ಅವರನ್ನು ಬಿಟ್ಟು ಕಳಿಸಿದರು. ಲಕ್ಕನಿಗೆ ಕೇಳದೆಯೇ ಕೆರೆಯ ಕೆಳಗಿನ ಒಳ್ಳೆಯ ಗದ್ದೆ ಸಿಕ್ಕಿತು.

ಅಚ್ಚಮ್ಮ ಎದೆಯ ಶಸ್ತ್ರಚಿಕಿತ್ಸೆ ಮುಗಿಸಿ, ಚಿನ್ನದ ಕಣವಿದ್ದ ಗಂಟನ್ನೂ ನೀಲಿಯಾದ ಗಂಟುಗಳನ್ನೂ ತೆಗೆದು ಸೀಳಿ, ಮಸೂರದಡಿ ಇಟ್ಟು ನೋಡಿದಳು. ಬರೀ ಗಾಯದ ಕಲೆ. ಕಳ್ಳರಿರಲಿಲ್ಲ. ಉಳಿದ ಗಂಟುಗಳನ್ನು ಮುಟ್ಟದೆ ಕಂಕುಳು ಹೊಲಿದಳು.

ಗಾಯ ಮಾಯುವ ತನಕ ಕೆರೆ ಕಾದಿತ್ತು. ರಾಣಿ ಹಲ್ಲು ಕಚ್ಚಿ ಬಲಗೈಯಿಂದ ತೂಬೆತ್ತಿದಳು. ಗದ್ದೆಗಳಲ್ಲಿ ಕಾದಿದ್ದ ಜನರ ಪಾದಗಳಿಗೆ ನೀರು ಮುಟ್ಟಿತು.

ಆಮೇಲೆ ಪ್ರತಿ ವರ್ಷ ತೂಬೆತ್ತುವ ಮುಂಚೆ ಅಚ್ಚಮ್ಮ ಅವಳ ಎದೆ ಕಂಕುಳು ಮುಟ್ಟಿ ನೋಡುತ್ತಿದ್ದಳು. ಕೆರೆ ಏರಿಯ ಮೇಲೆ ರಾಣಿ, “ಈ ವರ್ಷ ಆಣೆ ಮಾಡ್ತೀಯೇನೋ ಲಕ್ಕ?” ಎಂದು ರೇಗಿಸುತ್ತಿದ್ದಳು.

“ಇಲ್ಲ ತಾಯಿ,” ಎನ್ನುತ್ತಿದ್ದ ಲಕ್ಕ. “ಬನ್ನಿ, ಏರಿ ನೋಡ್ಕೊಂಡು ಬರೋಣ.”

ಅವಳ ಕೂದಲು ಮತ್ತೆ ಬೆಳೆದು ನರೆಯುವ ತನಕವೂ ಇಬ್ಬರೂ ಹಾಗೆಯೇ ನೋಡಿಕೊಂಡು ಬಂದರು.