ಪಟ್ಟಿಯಲ್ಲಿ ಇಲ್ಲದ ಕಾರ್ಡು

“ಗುರುಗಳೇ, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡಿಗೆ ಹೊಂದುವ ಮದರ್‌ಬೋರ್ಡನ್ನು ಆರಿಸುವುದು ಹೇಗೆ?” ಎಂದು ಹಾಲೇಶ ಕೇಳಿದ.

ಕೇಳಿದ್ದು ಬಸವಣ್ಯಪ್ಪ ಮೇಷ್ಟ್ರನ್ನು. ಹರಿಹರದಲ್ಲಿ ಕಂಪ್ಯೂಟರ್ ರಿಪೇರಿ ಕಲಿಸುವ ಅವರ ಕಾರ್ಯಾಗಾರಕ್ಕೆ ಇಪ್ಪತ್ತೆರಡು ವರ್ಷ ತುಂಬಿತ್ತು. ಹಾಲೇಶ ಅಲ್ಲೇ ಕಲಿತು ಅಲ್ಲೇ ಕಲಿಸುವವನಾಗಿದ್ದ. ಮುಂದಿನ ತಿಂಗಳಿನಿಂದ ಕಾರ್ಯಾಗಾರ ನಿನ್ನ ಕೈಗೆ ಎಂದು ಮೇಷ್ಟ್ರು ಹೇಳಿದ ದಿನದಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ವಿಡಿಯೊ ಕೆಲಸ ಕಲಿಸಲು ಒಂದು ಹೊಸ ಕಂಪ್ಯೂಟರ್ ಕಟ್ಟಬೇಕು, ಅದನ್ನಿಡಲು ಗೋಡೆಯುದ್ದಕ್ಕೂ ಹೊಸ ಮೇಜು ಹಾಕಿಸಬೇಕು, ಕೋಣೆಯ ರೂಪವನ್ನೇ ಬದಲಿಸಬೇಕು ಎಂದು ಲೆಕ್ಕ ಹಾಕಿ ನಕ್ಷೆ ಬರೆದುಕೊಂಡು ಬಂದಿದ್ದ. ಅದನ್ನು ಗುರುಗಳ ಮುಂದೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂಡ್ರೈವರ್ ಇಟ್ಟಿದ್ದ.

ಕೋಣೆಯಲ್ಲಿ ಇನ್ನೊಬ್ಬನೂ ಇದ್ದ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ತಿಪ್ಪಣ್ಣ ಸುಟ್ಟುಹೋದ ಪವರ್ ಸಪ್ಲೈ ಒಂದನ್ನು ಬಿಚ್ಚಿಕೊಂಡು ಕೂತಿದ್ದ. ಕಾರ್ಯಾಗಾರ ಶುರುವಾದ ದಿನದಿಂದ ಅದು ಅವನ ಜಾಗ. ಮಾತು ಕಡಿಮೆ. ಹಾಲೇಶನಿಗೆ ಮೊದಲು ಬೆಸುಗೆ ಹಾಕಲು ಕಲಿಸಿದವನು ಅವನೇ. ಆದರೆ ಹಾಲೇಶನ ಕಣ್ಣು ಈಗ ನಕ್ಷೆ ಬಿಟ್ಟು ಕದಲುತ್ತಿರಲಿಲ್ಲ.

“ನೀನು ಏನೇನು ನೋಡಿದ್ದೀಯ?” ಎಂದು ಗುರುಗಳು ಕೇಳಿದರು.

“ಪ್ರೊಸೆಸರ್ ಕೂರುವ ಸಾಕೆಟ್ಟು, ಮೆಮೊರಿಯ ಬಗೆ, ಕಾರ್ಡಿಗೆ ಬೇಕಾದ ಕರೆಂಟು, ಇವೆಲ್ಲ ಕೂರುವ ಡಬ್ಬಿಯ ಅಳತೆ. ಎಲ್ಲ ಒಂದಕ್ಕೊಂದು ಹೊಂದುತ್ತವೆ. ಇನ್ನೇನಾದರೂ ಬಿಟ್ಟಿದ್ದೀನಾ ಅಂತ ಕೇಳಿದೆ.”

ಗುರುಗಳು ನಕ್ಷೆಯನ್ನು ಒಮ್ಮೆ ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿಡಿಯೊದವನಿದ್ದ. ಮದುವೆ, ಸೀಮಂತ, ಗೃಹಪ್ರವೇಶಗಳ ಚಿತ್ರ ತೆಗೆದು, ಕತ್ತರಿಸಿ ಜೋಡಿಸಿ, ಮೇಲೊಂದು ಹಾಡು ಹಾಕಿ ಕೊಡುವುದು ಅವನ ಕಸುಬು. ಕೆಲಸದಲ್ಲಿ ಅಚ್ಚುಕಟ್ಟು. ಮದುವೆಗೆ ಹೋಗುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಒಂದು ಪಟ್ಟಿ ಬರೆಸಿಕೊಳ್ಳುತ್ತಿದ್ದ. ಸೋದರಮಾವ ತಪ್ಪಬಾರದು, ದೊಡ್ಡತ್ತೆ ತಪ್ಪಬಾರದು, ದಾವಣಗೆರೆಯ ಬೀಗರು ತಪ್ಪಬಾರದು. ಪಟ್ಟಿಯಲ್ಲಿದ್ದ ಒಬ್ಬರ ಮುಖವೂ ಅವನ ವಿಡಿಯೊದಲ್ಲಿ ತಪ್ಪುತ್ತಿರಲಿಲ್ಲ. ಪಟ್ಟಿಯಲ್ಲಿ ಇಲ್ಲದವರು ಕ್ಯಾಮೆರಾಕ್ಕೆ ಅಡ್ಡ ಬಂದರೆ ಅಷ್ಟನ್ನು ಕತ್ತರಿಸಿ ಬಿಸಾಕುತ್ತಿದ್ದ. ಜನ ಅವನನ್ನು ಹೊಗಳುತ್ತಿದ್ದದ್ದೂ ಇದಕ್ಕೇ.

ಇನ್ನೊಂದು ಸಣ್ಣ ಕೆಲಸವನ್ನೂ ಅವನು ಮಾಡುತ್ತಿದ್ದ. ಹಳೆಯ ಕಾಲದ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿ ಕೊಡುತ್ತಿದ್ದ. ಆ ಊರಿನಲ್ಲಿ ಅದನ್ನು ಮಾಡುವವರು ಬೇರೆ ಯಾರೂ ಉಳಿದಿರಲಿಲ್ಲ. ಅದಕ್ಕೆ ಬೇಕಾದದ್ದು ಅಂಗೈಯಷ್ಟು ಚಿಕ್ಕದೊಂದು ಕಾರ್ಡು. ಅವನ ಹಳೆಯ ಕಂಪ್ಯೂಟರಿನೊಳಗೆ ಅದು ಹನ್ನೆರಡು ವರ್ಷ ಕೂತಿತ್ತು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಕೈಕೊಡುತ್ತಿದ್ದದ್ದು ಹಳೆಯ ಕಂಪ್ಯೂಟರು. ಧಾರೆಯ ದೃಶ್ಯಕ್ಕೆ ಹಾಡು ಜೋಡಿಸುವಾಗ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಬೇಸತ್ತ ವಿಡಿಯೊದವನು ಹೊಸದು ಕಟ್ಟಿಸುವ ಮನಸ್ಸು ಮಾಡಿದ. ತನ್ನ ಕೆಲಸಕ್ಕೆ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡು ಸಾಕು ಎಂದು ತಿಳಿದುಕೊಂಡ. ಅಲ್ಲಿಯವರೆಗೆ ಬುದ್ಧಿವಂತನೇ. ಆಮೇಲೆ ಅಭ್ಯಾಸಬಲದಿಂದ ಒಂದು ಪಟ್ಟಿ ಬರೆದ. ಕಾರ್ಡು, ಪ್ರೊಸೆಸರು, ಮೆಮೊರಿ, ಪವರ್ ಸಪ್ಲೈ, ಡಬ್ಬಿ. ಐದನ್ನೂ ಸುತ್ತ ಕೂರಿಸಿ, ಈ ಐವರಿಗೂ ಒಪ್ಪುವ ಬೋರ್ಡು ಯಾವುದು ಎಂದು ಹುಡುಕಿದ. ವಾರವಿಡೀ ಹುಡುಕಿದ. ಕೊನೆಗೆ ಒಂದು ಚಿಕ್ಕ ಬೋರ್ಡು ಎಲ್ಲರಿಗೂ ಒಪ್ಪಿತು. ಗ್ರಾಫಿಕ್ಸ್ ಕಾರ್ಡು ಡಬ್ಬಿಯೊಳಗೆ ಹಿಡಿಸುವುದೋ ಇಲ್ಲವೋ ಎಂದು ಟೇಪು ಹಿಡಿದು ಅದರ ಉದ್ದವನ್ನೂ ಅಳೆದ. ದಪ್ಪ ಅಳೆಯಲಿಲ್ಲ.

ಕಂಪ್ಯೂಟರ್ ಅಂಗಡಿಯವನು ಹಳೆಯದನ್ನು ಇಟ್ಟುಕೊಂಡು ಹೊಸದನ್ನು ಕಟ್ಟಿಕೊಟ್ಟ. ಚಿಕ್ಕ ಕಾರ್ಡನ್ನು ಮಾತ್ರ ವಿಡಿಯೊದವನು ಬಿಚ್ಚಿ, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಹೊಸ ಕಂಪ್ಯೂಟರಿನಲ್ಲಿ ಹಾಡು ನೀರು ಕುಡಿದಷ್ಟು ಸಲೀಸಾಗಿ ಕೂಡಿಕೊಂಡಿತು. ಅವನು ದಾರಿಯಲ್ಲಿ ಸಿಕ್ಕವರನ್ನೆಲ್ಲ ಒಳಗೆ ಕರೆದು ತೋರಿಸಿದ. ಒಂದು ಸ್ಕ್ರೂ ಕೂಡ ಆಚೀಚೆ ಆಗಿಲ್ಲ ನೋಡಿ ಎಂದ.

ಹೀಗಿರುವಾಗ ಒಂದು ಸೋಮವಾರ ಒಬ್ಬ ಹೊಲಿಗೆಯವಳು ಬಂದಳು. ರವಿಕೆ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು ಅವಳ ಕೈಯಲ್ಲಿತ್ತು. ಅವಳ ಗಂಡ ಸತ್ತಾಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಆ ಮಗಳಿಗೆ ಈಗ ಮದುವೆ, ಬರುವ ಸೋಮವಾರವೇ ಧಾರೆ. ಪಕ್ಕದ ಮನೆಯವರು ಅಟ್ಟ ಗುಡಿಸುವಾಗ ತಮ್ಮ ಮನೆಯ ಹಳೆಯ ಮದುವೆಯ ಕ್ಯಾಸೆಟ್ಟು ಸಿಕ್ಕಿತ್ತು. ಆ ಮದುವೆಯಲ್ಲಿ ಅವಳ ಗಂಡ ಬಡಿಸಲು ಹೋಗಿದ್ದ. ಅವನ ಒಂದು ಫೋಟೊ ಮನೆಯಲ್ಲಿತ್ತು, ದನಿ ಎಲ್ಲಿಯೂ ಇರಲಿಲ್ಲ. ಮಗಳು ಗಂಡನ ಮನೆಗೆ ಹೋಗುವ ಮುಂಚೆ ಅಪ್ಪನ ದನಿಯನ್ನು ಒಂದು ಸಲ ಕೇಳಿಸಬೇಕು ಎಂಬುದೊಂದೇ ಅವಳ ಆಸೆ.

“ಗುರುವಾರ ಬಾರಕ್ಕ” ಎಂದ ವಿಡಿಯೊದವನು.

ಅವಳು ಹೋದ ಮೇಲೆ ಹೊಸ ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಚಿಕ್ಕ ಕಾರ್ಡನ್ನು ಕೈಯಲ್ಲಿ ಹಿಡಿದು ಅದಕ್ಕೊಂದು ಜಾಗ ಹುಡುಕಿದ. ಜಾಗವೇನೋ ಇತ್ತು. ದೊಡ್ಡ ಗ್ರಾಫಿಕ್ಸ್ ಕಾರ್ಡು ಕೂರುವ ಸ್ಲಾಟಿನ ಕೆಳಗೇ ಒಂದು ಚಿಕ್ಕ ಸ್ಲಾಟಿತ್ತು. ಆದರೆ ಎರಡು ಫ್ಯಾನು ಹೊತ್ತ ದೊಡ್ಡ ಕಾರ್ಡು, ಸಂತೆಯ ದಿನ ಬಸ್ಸಿನಲ್ಲಿ ಎರಡು ಸೀಟು ಹಿಡಿದು ಕೂತವರ ಹಾಗೆ, ಅದರ ಮೇಲೂ ಮೈಚೆಲ್ಲಿ ಕೂತಿತ್ತು. ಬೆರಳು ತೂರಿಸಲೂ ಸಂದಿಯಿರಲಿಲ್ಲ. ಬೋರ್ಡು ಚಿಕ್ಕದಾದ್ದರಿಂದ ಬೇರೆ ಸ್ಲಾಟೂ ಇರಲಿಲ್ಲ. ಸರಿ, ಎರಡು ದಿನದ ಮಟ್ಟಿಗೆ ದೊಡ್ಡದನ್ನು ತೆಗೆದಿಡೋಣ ಎಂದು ತೆಗೆದ. ಚಿಕ್ಕದನ್ನು ಕೂರಿಸಿ ಕಂಪ್ಯೂಟರ್ ಶುರು ಮಾಡಿದರೆ ಪರದೆ ಕಪ್ಪಗೇ ಉಳಿಯಿತು. ಅವನು ಆರಿಸಿದ ಪ್ರೊಸೆಸರಿಗೆ ಆ ಕಾರ್ಡಿಲ್ಲದೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ.

ಆಗಲೇ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಊರವರನ್ನೆಲ್ಲ ಕರೆದು ತೋರಿಸಿದ ಮೇಲೆ ತಪ್ಪಾಯಿತು ಎನ್ನುವುದು ಹೇಗೆ? ಗುರುವಾರ ಅವಳು ಬಂದಾಗ, ಹೊಸ ಯಂತ್ರ ಇನ್ನೂ ಹೊಂದಿಕೊಳ್ಳಬೇಕು, ಶನಿವಾರ ಬಾ ಎಂದ. ಶನಿವಾರ ಬೆಳಿಗ್ಗೆ ಅವಳು ಮತ್ತೆ ಬಂದಳು. ಈ ಸಲ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

“ಅಣ್ಣಾ, ನಿನ್ನ ಹಳೇ ಮಿಷನ್ನಾಗೆ ಇದು ಆಗ್ತಿತ್ತಲ್ಲ?”

“ಆಗ್ತಿತ್ತು ಅಕ್ಕ. ಅದನ್ನ ಕೊಟ್ಟುಬಿಟ್ಟೆ.”

ಅವಳು ಬೈಯಲಿಲ್ಲ. ಕ್ಯಾಸೆಟ್ಟಿನ ಮೇಲಿನ ಬಟ್ಟೆಯನ್ನು ಸರಿಮಾಡಿ, ನಾಳೆ ಮಗಳಿಗೆ ಅರಿಶಿನ ಹಚ್ಚುವುದಿದೆ ಎಂದು ಹೇಳಿ, ಕ್ಯಾಸೆಟ್ಟನ್ನು ಅವನ ಮೇಜಿನ ಮೇಲೇ ಇಟ್ಟು ಹೋದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಹಾಗೆ ನಂಬಿ ಇಟ್ಟುಹೋದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಕಂಪ್ಯೂಟರನ್ನು ಸ್ಕೂಟರಿನ ಮೇಲಿಟ್ಟುಕೊಂಡು ಅಂಗಡಿಗೆ ಹೋದ.

ಅವನ ಹಳೆಯ ಕಂಪ್ಯೂಟರು ಅಷ್ಟರಲ್ಲಿ ಬಿಡಿಬಿಡಿಯಾಗಿ ಯಾರುಯಾರಿಗೋ ಹೋಗಿತ್ತು. ಅಂಗಡಿಯವನು ಡಬ್ಬಿಯೊಳಗೆ ಬಗ್ಗಿ ನೋಡಿ, ಈ ಚಿಕ್ಕ ಕಾರ್ಡಿನ ವಿಷಯ ಮೊದಲೇ ಹೇಳಬಾರದಿತ್ತೇ ಎಂದು ಕೇಳಿದ.

ವಿಡಿಯೊದವನು ನಿಜ ಹೇಳಿದ. “ಅದು ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಅದಕ್ಕೇ ನೆನಪಾಗಲಿಲ್ಲ.”

ಅಂಗಡಿಯವನು ಒಳ್ಳೆಯವನು, ನಗಲಿಲ್ಲ. ಅದೇ ಜಾತಿಯ ಬೋರ್ಡುಗಳಲ್ಲಿ ಒಂದಳತೆ ದೊಡ್ಡದನ್ನು ತೆಗೆದ. ಅದರಲ್ಲಿ ದೊಡ್ಡ ಕಾರ್ಡಿನ ಕೆಳಗೆ ಮೂರು ಬೆರಳಿನಷ್ಟು ಖಾಲಿ ಬಿಟ್ಟು ಇನ್ನೊಂದು ಸ್ಲಾಟಿತ್ತು. ಡಬ್ಬಿಯಲ್ಲಿ ಅದಕ್ಕೆ ಮೊದಲಿನಿಂದಲೂ ಜಾಗವಿತ್ತು. ಒಂದೊಂದೇ ಸ್ಕ್ರೂ ಬಿಚ್ಚಿ, ಎಲ್ಲವನ್ನೂ ಮತ್ತೆ ಕೂರಿಸುವಷ್ಟರಲ್ಲಿ ಭಾನುವಾರ ಮಧ್ಯಾಹ್ನವಾಯಿತು. ದೊಡ್ಡ ಕಾರ್ಡು ತನ್ನ ಜಾಗದಲ್ಲಿ ಕೂತಿತು, ಚಿಕ್ಕದು ತನ್ನ ಜಾಗದಲ್ಲಿ. ಕ್ಯಾಸೆಟ್ಟು ಒಂದು ಕಡೆ ಬೂಸಲು ಹಿಡಿದಿತ್ತು. ಆದರೂ ಓಡಿತು.

ಅರಿಶಿನ ಹಚ್ಚಿದ ಮದುಮಗಳು ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ವಿಡಿಯೊದವನೇ ಪೆನ್‌ಡ್ರೈವು ಹಿಡಿದು ಹೊಲಿಗೆಯವಳ ಮನೆಗೆ ಹೋದ. ಟಿವಿಗೆ ಚುಚ್ಚಿದ. ಆ ಕಾಲದಲ್ಲಿ ತೆಗೆದದ್ದನ್ನು ಕತ್ತರಿಸುತ್ತಿರಲಿಲ್ಲ, ಎಲ್ಲವೂ ಹಾಗೇ ಇತ್ತು. ಊಟದ ಪಂಕ್ತಿ ಬಂತು. ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ಯುವಕ ಹೋಳಿಗೆಯ ಬುಟ್ಟಿ ಹಿಡಿದು ಸಾಲಿನ ಆ ತುದಿಯಿಂದ ಬಂದ. ಕ್ಯಾಮೆರಾಕ್ಕೆ ಅಡ್ಡವಾಗಿ ಬಗ್ಗಿ, “ಇನ್ನೊಂದು ಹಾಕಿಸ್ಕಳ್ರಿ, ನಾಚ್ಕಬ್ಯಾಡ್ರಿ” ಎಂದ. ಮುಂದೆ ಹೋದ. ಅಷ್ಟೇ.

“ಇನ್ನೊಂದ್ಸಲ ಹಾಕಿ” ಎಂದಳು ಮಗಳು.

ಅವನು ಮತ್ತೆ ಹಾಕಿದ. ಮತ್ತೆ ಮತ್ತೆ ಹಾಕಿದ. ತಾಯಿ ಟಿವಿ ನೋಡಲಿಲ್ಲ, ಉದ್ದಕ್ಕೂ ಮಗಳ ಮುಖವನ್ನೇ ನೋಡಿದಳು. ವಿಡಿಯೊದವನಿಗೆ ಅಳು ಬಂತು. ಬಡಿಸುವವರ ಹೆಸರನ್ನು ಯಾವ ಮದುವೆಯಲ್ಲೂ ಯಾರೂ ಪಟ್ಟಿಗೆ ಬರೆಸುವುದಿಲ್ಲ ಎಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಿಲ್ಲ. ಅಂಥ ಎಷ್ಟು ಜನರನ್ನು ತಾನು ಕತ್ತರಿಸಿ ಬಿಸಾಕಿದ್ದೆ ಎಂದು ನೆನೆಯುತ್ತ ಅವನು ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಹಾಲೇಶನದು ಮೆದು ಮನಸ್ಸು, ಆದರೆ ಕೈ ಚುರುಕು. ಆಗಲೇ ಪೆನ್ಸಿಲ್ ತೆಗೆದುಕೊಂಡು ನಕ್ಷೆಯ ಅಂಚಿನಲ್ಲಿ ಬರೆದುಕೊಂಡ.

“ತಿಳಿಯಿತು ಗುರುಗಳೇ. ಕಾರ್ಡಿನ ದಪ್ಪವನ್ನೂ ಅಳೆಯುತ್ತೇನೆ. ಸ್ಲಾಟುಗಳ ನಡುವಿನ ಅಂತರ ನೋಡುತ್ತೇನೆ. ಹಳೆಯ ಕಂಪ್ಯೂಟರಿನಿಂದ ಏನೇನು ಉಳಿಸಿಕೊಳ್ಳಬೇಕು ಎಂದು ಮೊದಲು ಬರೆದುಕೊಂಡು, ಆಮೇಲೆ ಬೋರ್ಡು ಆರಿಸುತ್ತೇನೆ.”

ಗುರುಗಳು ತಲೆಯಾಡಿಸಿದರು. ಕನ್ನಡಕ ಹಾಕಿಕೊಂಡು ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು. ಬಾಗಿಲಿನ ಹತ್ತಿರ ಬೆರಳಿಟ್ಟು, ಹೊಸ ಮೇಜಿನ ಗೆರೆಯ ಮೇಲೆ ಮೆಲ್ಲಗೆ ಸರಿಸುತ್ತ ಹೋದರು. ಗೆರೆ ಗೋಡೆಯುದ್ದಕ್ಕೂ ಎಲ್ಲಿಯೂ ತುಂಡಾಗದೆ ಹೋಗಿ ಕಿಟಕಿಯ ಕೆಳಗೆ ಮುಗಿದಿತ್ತು. ಬೆರಳು ಅಲ್ಲಿ ನಿಂತಿತು.

ಕಿಟಕಿಯ ಪಕ್ಕ ತಿಪ್ಪಣ್ಣ ಬೆಸುಗೆಯ ಹೊಗೆಯನ್ನು ಊದಿ, ರಿಪೇರಿಯಾದ ಪವರ್ ಸಪ್ಲೈಗೆ ಮುಚ್ಚಳ ಹಾಕುತ್ತಿದ್ದ. ಹಾಲೇಶ ಆ ಕಡೆ ನೋಡಿದ, ನಕ್ಷೆಯನ್ನು ನೋಡಿದ, ಪೆನ್ಸಿಲ್ ಕೆಳಗಿಟ್ಟ.

ಗುರುಗಳು ತಿಪ್ಪಣ್ಣನಿಗೆ ಕೇಳಿಸದಷ್ಟು ಮೆಲುದನಿಯಲ್ಲಿ ಕೇಳಿದರು, “ಅವನ ಸ್ಟೂಲು ಎಲ್ಲಿ ಬರೆದಿದ್ದೀಯ?”